ಕಾಫಿ ಹೂರಣದ ಚಾಕಲೇಟು



ಈ ಪುಟದಲ್ಲಿ ನಾವು ಸಾಮಾನ್ಯವಾಗಿ ಹಬ್ಬದ ಅಡುಗೆ, ಉಪ್ಪಿನಕಾಯಿ, ಹಪ್ಪಳ, ಸಂಡಿಗೆಗಳ ವಿಷಯವನ್ನು ಬರೆಯುತ್ತ ಬಂದಿದ್ದೇವೆ. ಈ ಸಲ ಚಾಕಲೇಟಿನ ಮಾತೆತ್ತಿರುವುದನ್ನು ಕಂಡು ಹಿರಿಯರು ಕೆಲವರು ಹುಬ್ಬೇರಿಸಬಹುದು. ಹೀಗೆ ಬರೆಯಲು ಕಾರಣವಾದ ಸಂಗತಿಯನ್ನು ಮೊದಲು ಹೇಳಿಬಿಡುವುದು ಒಳ್ಳೆಯದು.

ದೊಡ್ಡಗದ್ದವಳ್ಳಿಯ ನಮ್ಮ ಮನೆಗೆ ಹೊರದೇಶದಲ್ಲಿ ಓದುತ್ತಿರುವ ಹುಡುಗ ರಜೆಗೆಂದು ಬಂದಿದ್ದನು. ಅಜ್ಜಿಗೆ ಕಾಫಿಯೆಂದರೆ ಪ್ರಾಣವೆಂಬುದು ಅವನಿಗೆ ತಿಳಿದ ವಿಷಯ. ಆದ್ದರಿಂದ ಕಾಫಿಯ ಪರಿಮಳವುಳ್ಳ ಚಾಕಲೇಟಿನ ಪೆಟ್ಟಿಗೆಯೊಂದನ್ನು ಅಕ್ಕರೆಯಿಂದ ತಂದಿದ್ದನು. ನಮ್ಮ ಅತ್ತೆಯವರು ಇಷ್ಟಲಿಂಗಕ್ಕೆ ಅರ್ಪಿಸದೆ ಒಂದು ಹನಿ ನೀರನ್ನೂ ಸ್ವೀಕರಿಸುವವರಲ್ಲ. ಮೊಮ್ಮಗನ ಮನಸ್ಸು ನೋಯಬಾರದೆಂದು ಆ ಚಾಕಲೇಟನ್ನೂ ಭಕ್ತಿಯಿಂದ ಅರ್ಪಿಸಿ ಬಾಯಿಗೆ ಹಾಕಿಕೊಂಡರು. ಒಳಗಿನಿಂದ ಏನೋ ರಸ ಹೊರಬಂದು ನಾಲಗೆ ಚುರುಕ್ಕೆಂದಿತು. "ಇದರೊಳಗೆ ಏನಿಟ್ಟಿದ್ದಾರೆ ಮಗ?" ಎಂದು ಕೇಳಿದರು. ಹುಡುಗ ಪೆಟ್ಟಿಗೆಯನ್ನು ತಿರುವಿ ಸಣ್ಣಕ್ಷರಗಳನ್ನು ಓದಿದನು. ಅವನ ಮುಖ ಕಪ್ಪಿಟ್ಟಿತು. ಕಾಫಿಯ ಜೊತೆಗೆ ಮದ್ಯವನ್ನೂ ಸೇರಿಸಿದ ಹೂರಣವದು.

ಅತ್ತೆಯವರು ಬೈಯಲಿಲ್ಲ. ಎದ್ದು ಹೋಗಿ ಸ್ನಾನ ಮಾಡಿ, ವಿಭೂತಿ ಧರಿಸಿ, ಮತ್ತೆ ಪೂಜೆಗೆ ಕುಳಿತರು. ಆ ದಿನ ಮಧ್ಯಾಹ್ನದ ಊಟವನ್ನೂ ಮಾಡಲಿಲ್ಲ. ಹುಡುಗ ಜಗಲಿಯ ಮೇಲೆ ತಲೆ ತಗ್ಗಿಸಿ ಕುಳಿತಿದ್ದನು. ಸಂಜೆ ಅವನನ್ನು ಹತ್ತಿರಕ್ಕೆ ಕರೆದು, "ನೀನು ಪ್ರೀತಿಯಿಂದ ತಂದದ್ದು ಸುಳ್ಳಲ್ಲ ಮಗ. ಕೇಳಿ ತಿನ್ನಬೇಕಾಗಿದ್ದವಳು ನಾನು" ಎಂದರು. ಬಳಿಕ ನಮ್ಮ ಕಡೆಗೆ ತಿರುಗಿ, "ಕಾಫಿ ನಮ್ಮ ಸೀಮೆಯದೇ ಅಲ್ಲವೇನಮ್ಮ? ಇದನ್ನು ನಾವೇ ಮಾಡಿಕೊಳ್ಳುವುದಕ್ಕೆ ಆಗುವುದಿಲ್ಲವೆ?" ಎಂದು ಕೇಳಿದರು. ಆ ಪ್ರಶ್ನೆಗೆ ಉತ್ತರವಾಗಿಯೇ ಈ ತಿಂಗಳ ಲೇಖನ.

ಪೆಟ್ಟಿಗೆಯ ಮೇಲಿನ ಸಣ್ಣಕ್ಷರ

ನಮ್ಮ ದೇಶದಲ್ಲಿ ಮಾರಾಟವಾಗುವ ಆಹಾರದ ಪೊಟ್ಟಣಗಳ ಮೇಲೆ ಹಸಿರು ಚುಕ್ಕೆಯ ಗುರುತು ಬಂದಿದೆ. ಇದರಿಂದ ಸಸ್ಯಾಹಾರಿಗಳಿಗೆ ಬಹಳ ಉಪಕಾರವಾಗಿದೆ. ಆದರೆ ಆ ಚುಕ್ಕೆ ಹೇಳುವುದು ಪದಾರ್ಥವು ಪ್ರಾಣಿಜನ್ಯವೇ ಅಲ್ಲವೇ ಎಂಬುದನ್ನು ಮಾತ್ರ. ಅದರಲ್ಲಿ ಮದ್ಯ ಸೇರಿದೆಯೇ ಎಂಬುದನ್ನು ತಿಳಿಯಬೇಕಾದರೆ ಪದಾರ್ಥಗಳ ಪಟ್ಟಿಯನ್ನೇ ಓದಬೇಕು. ಹೊರದೇಶದಲ್ಲಿ ಕೊಂಡು ಕೈಯಲ್ಲಿ ಹಿಡಿದು ತಂದ ಪೆಟ್ಟಿಗೆಗಳ ಮೇಲೆ ನಮ್ಮ ಹಸಿರು ಚುಕ್ಕೆ ಇರುವುದೂ ಇಲ್ಲ. ಅಂಥವುಗಳಲ್ಲಿ 'ಲಿಕ್ಯೂರ್', 'ರಮ್', 'ಬ್ರಾಂಡಿ' ಎಂಬ ಹೆಸರುಗಳಿದ್ದರೆ ಅದು ಮದ್ಯ. 'ಜೆಲಟಿನ್' ಎಂದಿದ್ದರೆ ಪ್ರಾಣಿಗಳ ಚರ್ಮ ಮತ್ತು ಮೂಳೆಗಳಿಂದ ತೆಗೆದ ಅಂಟು. 'ಇ 120' ಎಂಬ ಕೆಂಪು ಬಣ್ಣ ಒಂದು ಜಾತಿಯ ಕೀಟದಿಂದ ಬರುವಂಥದು. ಮೊಟ್ಟೆಯ ಬಿಳಿಯನ್ನು ಸೇರಿಸಿದ ಹೂರಣಗಳೂ ಉಂಟು. ಮಕ್ಕಳಿಗೆ ಓದು ಬಂದ ಮೇಲೆ ಮನೆಯೊಳಗೆ ಮೊದಲು ಓದಿಸಬೇಕಾದದ್ದು ಈ ಪಟ್ಟಿಯನ್ನೇ ಎಂದು ನಮಗೆ ಅನ್ನಿಸುತ್ತದೆ.

ತಂದವರನ್ನು ಹಳಿಯಲು ಈ ಮಾತನ್ನು ಹೇಳುತ್ತಿಲ್ಲ. ಅರ್ಪಿಸುವ ಕೈಗೆ ತಾನು ಏನನ್ನು ಅರ್ಪಿಸುತ್ತಿದ್ದೇನೆಂಬ ಅರಿವಿರಬೇಕು. ಆ ಅರಿವು ಪೂರ್ತಿಯಾಗಿ ದೊರೆಯುವುದು ನಾವೇ ಮಾಡಿಕೊಂಡ ಪದಾರ್ಥದಲ್ಲಿ.

ಎರಡೂ ನಮ್ಮ ನೆಲದವೇ

ಹಾಸನದಿಂದ ಬೇಲೂರಿಗೆ ಹೋಗುವ ದಾರಿಯಲ್ಲಿ ನಮ್ಮ ದೊಡ್ಡಗದ್ದವಳ್ಳಿಯಿದೆ. ಇಲ್ಲಿಯ ಲಕ್ಷ್ಮೀದೇವಿಯ ದೇವಾಲಯವನ್ನು ನೋಡಲು ದೂರದಿಂದ ಜನ ಬರುತ್ತಾರೆ. ವಿಷ್ಣುವರ್ಧನನ ಕಾಲದಲ್ಲಿ, 1114ರ ಸುಮಾರಿನಲ್ಲಿ, ಅದನ್ನು ಕಟ್ಟಿಸಿದವರು ಅರಸರಲ್ಲ; ಕುಲ್ಲಹಣ ರಾಹುತನೆಂಬ ವರ್ತಕ ಮತ್ತು ಅವನ ಮಡದಿ ಸಹಜಾದೇವಿ. ಆ ದಂಪತಿಗಳ ಕಾಲದಲ್ಲಿ ಕಾಫಿಯ ಹೆಸರು ಈ ನಾಡಿಗೆ ತಿಳಿದಿರಲಿಲ್ಲ. ಹದಿನೇಳನೆಯ ಶತಮಾನದಲ್ಲಿ ಬಾಬಾ ಬುಡನ್ ಅವರು ಯೆಮನ್ ದೇಶದಿಂದ ಏಳು ಕಾಫಿ ಬೀಜಗಳನ್ನು ತಂದು ಚಿಕ್ಕಮಗಳೂರಿನ ಗಿರಿಯಲ್ಲಿ ಬಿತ್ತಿದರೆಂದು ಪ್ರತೀತಿ. ಇಂದು ನಮ್ಮ ಊರಿನಿಂದ ಪಡುವಣಕ್ಕೆ ಹೋದಂತೆಲ್ಲ, ಆಲೂರು, ಸಕಲೇಶಪುರ, ಬೇಲೂರು ತಾಲ್ಲೂಕುಗಳಲ್ಲಿ, ಕಾಫಿಯ ತೋಟಗಳೇ ತೋಟಗಳು.

ನಮ್ಮ ನೆಂಟರಿಷ್ಟರಲ್ಲಿ ತೋಟವಿದ್ದವರಿಗೆ ಹಿಂದಿನ ದಿನಗಳ ನೆನಪಿದೆ. 1942ರ ಕಾಫಿ ಕಾಯಿದೆ ಬಂದ ಮೇಲೆ ಬೆಳೆಗಾರರು ಬೆಳೆದ ಕಾಫಿಯನ್ನು ಕಾಫಿ ಮಂಡಳಿಯ ಪೂಲಿಗೆ ಒಪ್ಪಿಸಬೇಕಾಗಿತ್ತು. ಮನೆಯ ಬಳಕೆಗೆ ಮತ್ತು ಬಿತ್ತನೆಗೆ ಗೊತ್ತುಪಡಿಸಿದಷ್ಟನ್ನು ಮಾತ್ರ ಇಟ್ಟುಕೊಳ್ಳಬಹುದಾಗಿತ್ತು. 1990ರ ದಶಕದಲ್ಲಿ ಈ ಕಟ್ಟುಪಾಡು ಹಂತಹಂತವಾಗಿ ಸಡಿಲಗೊಂಡು 1996ರ ಹೊತ್ತಿಗೆ ಮಾರಾಟ ಮುಕ್ತವಾಯಿತು. ಒಳ್ಳೆಯ ಬೀಜವನ್ನು ಮಾರಿ, ಒಡೆದದ್ದನ್ನೂ ಕರಿದಾದದ್ದನ್ನೂ ಮನೆಗಿಟ್ಟುಕೊಳ್ಳುವ ಅಭ್ಯಾಸ ಮಾತ್ರ ಅನೇಕ ಮನೆಗಳಲ್ಲಿ ಇನ್ನೂ ಉಳಿದಿದೆ. ವರ್ಷಕ್ಕೊಮ್ಮೆಯಾದರೂ ಒಂದು ಹಿಡಿ ಒಳ್ಳೆಯ ಬೀಜ ನಮ್ಮ ಮಕ್ಕಳ ಪಾಲಿಗೂ ಇರಲಿ.

ಕೋಕೋ ಕೂಡ ದೂರದ್ದಲ್ಲ. ಸಕಲೇಶಪುರದಿಂದ ಶಿರಾಡಿ ಘಾಟಿಯನ್ನಿಳಿದು ಉಪ್ಪಿನಂಗಡಿಯ ಕಡೆಯಿಂದ ಪುತ್ತೂರಿಗೆ ಹೋದರೆ, ಅಡಿಕೆ ತೋಟಗಳ ನೆರಳಿನಲ್ಲಿ ಕೋಕೋ ಗಿಡಗಳು ಕಾಣುತ್ತವೆ. ಇದರ ಕಾಯಿ ಹಲಸಿನಂತೆ ಕಾಂಡಕ್ಕೇ ಅಂಟಿಕೊಂಡು ಬೆಳೆಯುತ್ತದೆ. ಕಾಯನ್ನೊಡೆದು, ತಿರುಳಿನ ಸಮೇತ ಬೀಜವನ್ನು ಐದಾರು ದಿನ ಹುಳಿಯಲು ಬಿಟ್ಟು, ಒಣಗಿಸಿ, ಹುರಿದಾಗಲೇ ಚಾಕಲೇಟಿನ ವಾಸನೆ ಹುಟ್ಟುವುದು. 1973ರಲ್ಲಿ ಮಂಗಳೂರಿನಲ್ಲಿ ಅಡಿಕೆ ಬೆಳೆಗಾರರು ಸೇರಿ ಸ್ಥಾಪಿಸಿದ ಕ್ಯಾಂಪ್ಕೊ ಸಹಕಾರ ಸಂಸ್ಥೆಯು, ಕೋಕೋ ಬೆಲೆ ಕುಸಿದು ಕೊಳ್ಳುವವರಿಲ್ಲದ ಹೊತ್ತಿನಲ್ಲಿ ರೈತರಿಂದ ಕೋಕೋ ಖರೀದಿಗೆ ಇಳಿಯಿತು. 1986ರಲ್ಲಿ ಪುತ್ತೂರಿನಲ್ಲಿ ಚಾಕಲೇಟು ಕಾರ್ಖಾನೆಯನ್ನೂ ತೆರೆಯಿತು. ಘಟ್ಟದ ಮೇಲೆ ಕಾಫಿ, ಘಟ್ಟದ ಕೆಳಗೆ ಕೋಕೋ. ನಡುವೆ ಇರುವುದು ಒಂದು ಘಾಟಿ ರಸ್ತೆ. ಇವೆರಡನ್ನೂ ಒಟ್ಟುಗೂಡಿಸಿದ್ದನ್ನು ತಿನ್ನಲು ನಾವು ಸಮುದ್ರದಾಚೆಯ ಪೆಟ್ಟಿಗೆಯನ್ನು ಕಾಯಬೇಕೆ?

ಕಣಕ ಮತ್ತು ಹೂರಣ

ಹೂರಣವಿಟ್ಟ ಚಾಕಲೇಟಿಗೆ ಬೆಲ್ಜಿಯಂ ದೇಶ ಪ್ರಸಿದ್ಧ. ಬ್ರಸೆಲ್ಸ್ ನಗರದ ಜಾನ್ ನೊಯ್‌ಹೌಸ್ ಎಂಬವನು 1912ರಲ್ಲಿ ಗಟ್ಟಿ ಚಾಕಲೇಟಿನ ಚಿಪ್ಪಿನೊಳಗೆ ಮೆತ್ತನೆಯ ಹೂರಣವನ್ನಿಡುವ ಕ್ರಮವನ್ನು ಬಳಕೆಗೆ ತಂದನು. ಹೋಳಿಗೆ, ಕಡುಬು, ಕರ್ಜಿಕಾಯಿಗಳನ್ನು ಮಾಡಿ ಪಳಗಿದ ನಮ್ಮ ಗೃಹಿಣಿಯರಿಗೆ ಈ ವಿದ್ಯೆ ಹೊಸದೇನಲ್ಲ. ಹೊರಗಿನದು ಕಣಕ, ಒಳಗಿನದು ಹೂರಣ. ಹೂರಣ ನೀರಾದರೆ ಹೋಳಿಗೆ ಒಡೆಯುತ್ತದೆ. ಕಣಕ ಹದ ತಪ್ಪಿದರೆ ಹರಿಯುತ್ತದೆ. ಇಲ್ಲಿಯೂ ನಿಯಮ ಅದೇ.

ಬೇಕಾಗುವ ಸಾಮಗ್ರಿಗಳು (ಸುಮಾರು 24 ಚಾಕಲೇಟುಗಳಿಗೆ)

ಕಣಕಕ್ಕೆ: ಕಪ್ಪು ಚಾಕಲೇಟಿನ ಗಟ್ಟಿ, 300 ಗ್ರಾಂ. (ಅಚ್ಚನ್ನು ತುಂಬಿ ಸುರಿಯಲು ಇಷ್ಟು ಬೇಕು; ಮೂರನೆಯ ಒಂದು ಭಾಗದಷ್ಟು ಮಿಗುತ್ತದೆ.)

ಹೂರಣಕ್ಕೆ: ಕಪ್ಪು ಚಾಕಲೇಟು 90 ಗ್ರಾಂ, ಪ್ಯಾಕೆಟ್ಟಿನ ಹಾಲಿನ ಕೆನೆ 70 ಮಿ.ಲೀ.; ಆಗತಾನೆ ಬೀಸಿದ ಕಾಫಿ ಪುಡಿ 6 ಗ್ರಾಂ (ಸುಮಾರು ಮೂರು ಟೀ ಚಮಚ); ಉಪ್ಪಿಲ್ಲದ ಬೆಣ್ಣೆ 10 ಗ್ರಾಂ.

ಸಲಕರಣೆ: ಚಾಕಲೇಟಿನ ಅಚ್ಚು, ಎರಡು ಒಣ ಬೋಗುಣಿ, ತೆಳುವಾದ ಶುಭ್ರ ಬಟ್ಟೆ. ಉಷ್ಣಮಾಪಕವಿದ್ದರೆ ಅನುಕೂಲ; ಇಲ್ಲದಿದ್ದರೂ ಕೆಲಸ ನಿಲ್ಲುವುದಿಲ್ಲ.

ಚಾಕಲೇಟನ್ನು ಕೊಳ್ಳುವಾಗ ಒಂದು ಎಚ್ಚರ. ಅಂಗಡಿಯಲ್ಲಿ 'ಕಾಂಪೌಂಡ್' ಎಂಬ ಗಟ್ಟಿಯೂ ಸಿಗುತ್ತದೆ. ಅದರಲ್ಲಿ ಕೋಕೋ ಬೆಣ್ಣೆಯ ಬದಲು ಬೇರೆ ಸಸ್ಯಜನ್ಯ ಕೊಬ್ಬು ಇರುತ್ತದೆ. ಬೆಲೆ ಕಡಿಮೆ, ಕರಗಿಸಿ ಹೊಯ್ದರಾಯಿತು, ಹದದ ತೊಡಕಿಲ್ಲ. ಮೊದಲ ಸಲ ಮಾಡುವವರು ಕೈ ಪಳಗಲು ಅದನ್ನೇ ಬಳಸಬಹುದು. ಆದರೆ ಬಾಯಲ್ಲಿಟ್ಟೊಡನೆ ಕರಗುವ ಗುಣ ಕೋಕೋ ಬೆಣ್ಣೆಯುಳ್ಳ ಚಾಕಲೇಟಿನದೇ. ಅದರ ಪಟ್ಟಿಯಲ್ಲಿ ಕೋಕೋ, ಸಕ್ಕರೆ, ಕೋಕೋ ಬೆಣ್ಣೆ, ಸೋಯಾ ಲೆಸಿಥಿನ್ ಇಷ್ಟಿದ್ದರೆ ಉತ್ತಮ.

ಕಾಫಿ ಪುಡಿಯಲ್ಲಿ ಚಿಕೋರಿ ಇಲ್ಲದಿರುವುದು ಮೇಲು. ಫಿಲ್ಟರಿಗೆ ಚಿಕೋರಿ ಒಪ್ಪುತ್ತದೆ, ಡಿಕಾಕ್ಷನ್ನಿಗೆ ಮಂದವನ್ನೂ ಬಣ್ಣವನ್ನೂ ಕೊಡುತ್ತದೆ. ಚಾಕಲೇಟಿನಲ್ಲಿ ಅದು ಕಾಫಿಯ ಪರಿಮಳವನ್ನು ಮುಚ್ಚುತ್ತದೆ. ಅರೇಬಿಕಾ ಬೀಜ ಪರಿಮಳಕ್ಕೆ, ರೊಬಸ್ಟಾ ಕಸುವಿಗೆ. ಮೂರು ಪಾಲು ಅರೇಬಿಕಾ, ಒಂದು ಪಾಲು ರೊಬಸ್ಟಾ ಬೆರೆಸಿದ್ದು ನಮ್ಮ ಮನೆಯವರಿಗೆ ಹಿಡಿಸಿತು.

ಹೂರಣವನ್ನು ಮಾಡುವ ವಿಧಾನ

ಕೆನೆಯನ್ನು ಸಣ್ಣ ಉರಿಯಲ್ಲಿ ಕಾಯಿಸಿ. ಅಂಚಿನಲ್ಲಿ ಗುಳ್ಳೆಯೇಳುತ್ತಲೇ ಇಳಿಸಿ ಕಾಫಿ ಪುಡಿಯನ್ನು ಹಾಕಿ ಕಲಕಿ, ಮುಚ್ಚಿಡಿ. ಹತ್ತು ನಿಮಿಷ ಸಾಕು. ಪುಡಿಯನ್ನು ಹಾಕಿ ಕುದಿಸಿದರೆ ಒಗರು ಬರುತ್ತದೆ. ಅನಂತರ ಬಟ್ಟೆಯಲ್ಲಿ ಸೋಸಿ ಹಿಂಡಿ. ಪುಡಿಯು ಹೀರಿಕೊಂಡದ್ದು ಹೋಗಿ ಸುಮಾರು 50 ಮಿ.ಲೀ. ಕೆನೆ ಉಳಿಯುತ್ತದೆ. ಕಾಫಿಯ ಪರಿಮಳದ ಬಹುಭಾಗ ಜಿಡ್ಡಿನಲ್ಲಿ ಇಳಿಯುವಂಥದು. ಆದ್ದರಿಂದಲೇ ಡಿಕಾಕ್ಷನ್ನಿಗಿಂತ ಕೆನೆಯಲ್ಲಿ ನೆನೆಸುವ ಕ್ರಮ ಲೇಸು. ಬೀಜ ಬೀಸುವ ಅನುಕೂಲವಿಲ್ಲದವರು 50 ಮಿ.ಲೀ. ಬಿಸಿ ಕೆನೆಗೆ ಒಂದು ಟೀ ಚಮಚ ಇನ್‌ಸ್ಟಂಟ್ ಕಾಫಿ ಪುಡಿಯನ್ನು ಕರಗಿಸಿಕೊಳ್ಳಬಹುದು.

90 ಗ್ರಾಂ ಚಾಕಲೇಟನ್ನು ಸಣ್ಣಗೆ ಹೆಚ್ಚಿ ಬೋಗುಣಿಯಲ್ಲಿಡಿ. ಸೋಸಿದ ಕೆನೆಯನ್ನು ಮತ್ತೆ ಬಿಸಿ ಮಾಡಿ ಅದರ ಮೇಲೆ ಸುರಿಯಿರಿ. ಎರಡು ನಿಮಿಷ ಮುಟ್ಟಬೇಡಿ. ಬಳಿಕ ನಡುವಿನಿಂದ ಹೊರಕ್ಕೆ, ಒಂದೇ ದಿಕ್ಕಿನಲ್ಲಿ, ನಿಧಾನವಾಗಿ ಕಲಕಿ. ಮೊದಲು ಒಡೆದಂತೆ ಕಂಡರೂ ಬರಬರುತ್ತ ನುಣುಪಾಗಿ ಹೊಳೆಯುತ್ತದೆ. ಕೊನೆಗೆ ಬೆಣ್ಣೆಯನ್ನು ಸೇರಿಸಿ ಕಲಕಿ, ಕೈಗೆ ಬಿಸಿ ತಗಲದಷ್ಟು ಆರಲು ಬಿಡಿ.

ಕಣಕದ ಹದ

ಬೆಲ್ಲದ ಪಾಕಕ್ಕೆ ಎಳೆಯ ಹದವಿರುವಂತೆ ಚಾಕಲೇಟಿಗೂ ಒಂದು ಹದವುಂಟು. ಕೋಕೋ ಬೆಣ್ಣೆ ಗಟ್ಟಿಯಾಗುವಾಗ ಹಲವು ಬಗೆಯ ಹರಳುಗಳು ಕಟ್ಟುತ್ತವೆ. ಅವುಗಳಲ್ಲಿ ಒಂದು ಬಗೆ ಮಾತ್ರ ಹೊಳಪನ್ನೂ, ಮುರಿದಾಗ ಟಕ್ಕೆನ್ನುವ ಗುಣವನ್ನೂ ಕೊಡುತ್ತದೆ. ಆ ಹರಳು ಕಟ್ಟುವಂತೆ ಬಿಸಿಯನ್ನು ಏರಿಸಿ ಇಳಿಸುವುದೇ ಹದ.

300 ಗ್ರಾಮಿನಲ್ಲಿ 200 ಗ್ರಾಮನ್ನು ಹೆಚ್ಚಿ ಒಣ ಬೋಗುಣಿಯಲ್ಲಿಟ್ಟು, ಬಿಸಿನೀರಿನ ಪಾತ್ರೆಯ ಮೇಲೆ ಕೂರಿಸಿ ಕರಗಿಸಿ. ಬೋಗುಣಿಯ ತಳ ನೀರಿಗೆ ತಗಲಬಾರದು. ನೀರು ಕುದಿಯಲೂ ಬಾರದು. 45ರಿಂದ 50 ಡಿಗ್ರಿ ಸೆಲ್ಸಿಯಸ್ ಸಾಕು. ಇಳಿಸಿ, ತಳವನ್ನು ಒರೆಸಿ, ಉಳಿದ 100 ಗ್ರಾಂ ಚೂರುಗಳನ್ನು ಸ್ವಲ್ಪಸ್ವಲ್ಪವಾಗಿ ಹಾಕುತ್ತ ಕಲಕುತ್ತಿರಿ. ಇದು ಹಾಲಿಗೆ ಹೆಪ್ಪು ಹಾಕಿದಂತೆ: ಗಟ್ಟಿ ಚೂರುಗಳಲ್ಲಿರುವ ಒಳ್ಳೆಯ ಹರಳುಗಳು ಕರಗಿದ್ದಕ್ಕೂ ತಮ್ಮ ಗುಣವನ್ನು ಕೊಡುತ್ತವೆ. 31, 32 ಡಿಗ್ರಿಗೆ ಇಳಿದಾಗ ಹದ ಬಂದಂತೆ. ಉಷ್ಣಮಾಪಕವಿಲ್ಲದವರು ಚಮಚದ ತುದಿಯಿಂದ ಕೆಳತುಟಿಗೆ ಮುಟ್ಟಿಸಿ ನೋಡಿ. ಬಿಸಿಯೆನಿಸದೆ ತುಸು ತಂಪೆನಿಸಬೇಕು. ಸ್ಟೀಲ್ ತಟ್ಟೆಯ ಮೇಲೆ ಒಂದಿಷ್ಟು ಸವರಿದರೆ ಐದು ನಿಮಿಷದಲ್ಲಿ ಹೊಳಪಿನೊಡನೆ ಗಟ್ಟಿಯಾಗಬೇಕು.

ತುಂಬುವ ಕ್ರಮ

ಅಚ್ಚನ್ನು ಒಣ ಹತ್ತಿಯಿಂದ ಒರೆಸಿ. ಕುಳಿಗಳ ತುಂಬ ಚಾಕಲೇಟನ್ನು ಹೊಯ್ದು, ಮೇಜಿಗೆ ಮೆಲ್ಲನೆ ತಟ್ಟಿ ಗಾಳಿಯ ಗುಳ್ಳೆಗಳನ್ನು ಹೊರಡಿಸಿ. ಕೂಡಲೇ ಅಚ್ಚನ್ನು ಬೋಗುಣಿಯ ಮೇಲೆ ಬೋರಲು ಹಾಕಿ. ಹೆಚ್ಚಿನದು ಸುರಿದುಹೋಗಿ ಗೋಡೆಗೆ ತೆಳ್ಳನೆಯ ಪದರ ಮಾತ್ರ ಉಳಿಯುತ್ತದೆ. ಅಂಚನ್ನು ಚೂರಿಯಿಂದ ಸಮಮಾಡಿ, ತಂಪಾದ ಕಡೆ ಹತ್ತು ನಿಮಿಷ ಇಡಿ.

ಆರಿದ ಹೂರಣವನ್ನು ಕಾಗದದ ಕೊಳವೆಯಿಂದಲೋ ಚಿಕ್ಕ ಚಮಚದಿಂದಲೋ ತುಂಬಿ. ಮೇಲೆ ಎರಡು ರಾಗಿಕಾಳಿನಷ್ಟು ಜಾಗ ಬಿಡಿ. ಎರಡು ಮೂರು ಗಂಟೆ ಬಿಟ್ಟರೆ ಹೂರಣದ ಮೇಲೆ ತೆಳುವಾದ ಕೆನೆಗಟ್ಟುತ್ತದೆ. ಆಗ ಮಿಕ್ಕ ಚಾಕಲೇಟನ್ನು ಮತ್ತೆ ಹದಕ್ಕೆ ತಂದು ಮೇಲೆ ಸವರಿ ಮುಚ್ಚಿ. ಹದಿನೈದು ನಿಮಿಷ ಫ್ರಿಜ್ಜಿನಲ್ಲಿಟ್ಟು, ಅಚ್ಚನ್ನು ಬಟ್ಟೆಯ ಮೇಲೆ ಬೋರಲು ಹಾಕಿ ತಟ್ಟಿದರೆ ಚಾಕಲೇಟುಗಳು ತಾವಾಗಿಯೇ ಬೀಳುತ್ತವೆ.

ಅಚ್ಚಿಲ್ಲದ ಮನೆಯವರು ಚಿಂತಿಸಬೇಕಾಗಿಲ್ಲ. ಹೂರಣಕ್ಕೆ 90ರ ಬದಲು 120 ಗ್ರಾಂ ಚಾಕಲೇಟು ಹಾಕಿ ಗಟ್ಟಿ ಮಾಡಿಕೊಂಡು, ಸಣ್ಣ ಗೋಲಿಯಂತೆ ಉಂಡೆ ಕಟ್ಟಿ, ಹದವಾದ ಚಾಕಲೇಟಿನಲ್ಲಿ ಅದ್ದಿ ಎಣ್ಣೆಕಾಗದದ ಮೇಲಿಟ್ಟರಾಯಿತು.

ನಾವು ಮಾಡಿದ ತಪ್ಪುಗಳು

ಮೊದಲ ಸಲ ಹದದ ಗೊಡವೆಯಿಲ್ಲದೆ ಕರಗಿಸಿ ಹೊಯ್ದೆವು. ಮರುದಿನ ಚಾಕಲೇಟಿನ ಮೇಲೆಲ್ಲ ಬೂದಿ ಬಳಿದಂತಾಗಿತ್ತು. ಅದು ಬೂಷ್ಟಲ್ಲ, ಮೇಲೆ ಬಂದ ಕೋಕೋ ಬೆಣ್ಣೆ, ತಿಂದರೆ ಬಾಧಕವಿಲ್ಲ. ಮತ್ತೆ ಕರಗಿಸಿ ಹದ ಮಾಡಬಹುದು.

ಎರಡನೆಯ ಸಲ ಕಣಕದ ಚಾಕಲೇಟಿಗೂ ಕಾಫಿಯ ರುಚಿ ಬರಲೆಂದು ನಾಲ್ಕು ಹನಿ ಡಿಕಾಕ್ಷನ್ ಬಿಟ್ಟೆವು. ಕ್ಷಣದಲ್ಲಿ ಅದು ಮರಳುಮರಳಾಗಿ ಗಂಟುಕಟ್ಟಿತು. ಕರಗಿದ ಚಾಕಲೇಟಿನಲ್ಲಿ ನೀರಿನ ಅಂಶವಿಲ್ಲ. ಒಂದೆರಡು ಹನಿ ಬಿದ್ದರೆ ಸಕ್ಕರೆಯ ಕಣಗಳು ಅದನ್ನು ಹಿಡಿದು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಒದ್ದೆ ಚಮಚವಾಗಲಿ ಆವಿಯಾಗಲಿ ತಗಲಬಾರದೆಂಬ ನಿಯಮ ಇದಕ್ಕಾಗಿ. ಕೆಟ್ಟದ್ದನ್ನು ಎಸೆಯಲಿಲ್ಲ, ಬಿಸಿ ಹಾಲಿಗೆ ಹಾಕಿ ಮಕ್ಕಳಿಗೆ ಕೊಟ್ಟೆವು. 2024ರಲ್ಲಿ ಪಶ್ಚಿಮ ಆಫ್ರಿಕದಲ್ಲಿ ಬೆಳೆ ಕೈಕೊಟ್ಟು ಜಗತ್ತಿನ ಕೋಕೋ ಬೆಲೆ ಟನ್ನಿಗೆ 10,000 ಡಾಲರುಗಳನ್ನು ದಾಟಿತ್ತು. ಅಷ್ಟು ಬೆಲೆ ಕಂಡ ಪದಾರ್ಥವನ್ನು ಚೆಲ್ಲುವುದು ಸಲ್ಲದು.

ಮೂರನೆಯ ಸಲದ ತಪ್ಪು ಕಾಲದ್ದು. ಏಪ್ರಿಲ್ ತಿಂಗಳ ಮಧ್ಯಾಹ್ನ ಚಾಕಲೇಟು ಗಟ್ಟಿಯಾಗಲೇ ಇಲ್ಲ. ಅದು ಸುಮಾರು 34 ಡಿಗ್ರಿಯಲ್ಲಿ ಕರಗುವ ಪದಾರ್ಥ. ನಮ್ಮ ಕಡೆ ಕಾರ್ತಿಕದಿಂದ ಮಾಘದವರೆಗಿನ ಬೆಳಗಿನ ಹೊತ್ತು ಇದಕ್ಕೆ ಪ್ರಶಸ್ತ. ಮಳೆಗಾಲದಲ್ಲಿ ಫ್ರಿಜ್ಜಿನಿಂದ ತೆಗೆದ ಡಬ್ಬಿಯನ್ನು ಕೂಡಲೇ ತೆರೆಯಬೇಡಿ. ತೇವ ಕೂತು ಮೇಲ್ಮೈ ಕೆಡುತ್ತದೆ. ಅರ್ಧ ಗಂಟೆ ಮುಚ್ಚಿಯೇ ಇಟ್ಟು ಆಮೇಲೆ ತೆರೆಯಿರಿ.

ಅಳತೆ ಮತ್ತು ಹಂಚಿಕೆ

ಒಳಗಿರುವುದು ಹಾಲಿನ ಕೆನೆಯಾದ್ದರಿಂದ ಈ ಚಾಕಲೇಟು ಅಂಗಡಿಯದರಂತೆ ತಿಂಗಳುಗಟ್ಟಲೆ ಬಾಳುವುದಿಲ್ಲ. ಮುಚ್ಚಿದ ಡಬ್ಬಿಯಲ್ಲಿ ಫ್ರಿಜ್ಜಿನಲ್ಲಿಟ್ಟರೆ ಒಂದು ವಾರ. ಆಯ್ದಕ್ಕಿ ಮಾರಯ್ಯನು ದಿನದ ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬರುವಂತೆ ಲಕ್ಕಮ್ಮನು ಹೇಳಿ ಕಳುಹಿಸಿದ ಕಥೆ ನಮ್ಮ ಮನೆಗಳಲ್ಲಿ ಎಲ್ಲರಿಗೂ ಗೊತ್ತು. ಆ ಮಹಾತಾಯಿಯ ಮಾತು ಅಡುಗೆಮನೆಗೂ ಸಲ್ಲುತ್ತದೆ. ತಿನ್ನುವ ಬಾಯಿಗಳನ್ನು ಎಣಿಸಿಯೇ ಅಚ್ಚು ತುಂಬಿ. ಮಿಕ್ಕಿದ್ದನ್ನು ನೆರೆಮನೆಗೆ ಕಳುಹಿಸಿ. ಕಳುಹಿಸುವಾಗ ಒಳಗೆ ಏನೇನಿದೆಯೆಂದು ಒಂದು ಚೀಟಿಯಲ್ಲಿ ಬರೆದಿಡಿ.

ಮೇಲಿನ ಅಳತೆಯಲ್ಲಿ ಒಂದು ಚಾಕಲೇಟಿನೊಳಗೆ ಸೇರುವುದು ಕಾಲು ಗ್ರಾಂ ಕಾಫಿ ಪುಡಿಯ ಸಾರ. ಒಂದು ಲೋಟ ಕಾಫಿಗೆ ಹೋಲಿಸಿದರೆ ಇದು ಅತ್ಯಲ್ಪ. ಆದರೂ ಸಣ್ಣ ಮಕ್ಕಳಿಗೆ ಹಗಲಿನಲ್ಲಿ ಒಂದು ಸಾಕು, ರಾತ್ರಿ ಬೇಡ. ಸಕ್ಕರೆ ಕಾಯಿಲೆಯಿರುವ ಹಿರಿಯರು ತಮ್ಮ ವೈದ್ಯರ ಮಾತಿನಂತೆ ನಡೆಯಲಿ. ಮನೆಯಲ್ಲಿ ನಾಯಿಯಿದ್ದರೆ ಚಾಕಲೇಟನ್ನು ಅದಕ್ಕೆ ಎಟುಕದಂತೆ ಇಡಿ. ಕೋಕೋ ನಾಯಿಗಳಿಗೆ ವಿಷ.

ಕಾರ್ತಿಕದಲ್ಲಿ ಹುಡುಗ ಮತ್ತೆ ಊರಿಗೆ ಬಂದಾಗ ಬೆಳಗಿನ ಜಾವವೇ ಎದ್ದು ನಮ್ಮ ಜೊತೆ ನಿಂತು ಕೆಲಸ ಮಾಡಿದನು. ಕೆನೆಯನ್ನು ಸೋಸಿದ್ದು ಅವನೇ, ಅಚ್ಚನ್ನು ಬೋರಲು ಹಾಕಿದ್ದೂ ಅವನೇ. ಪೂಜೆಯ ಹೊತ್ತಿಗೆ ತಟ್ಟೆಯನ್ನು ಅಜ್ಜಿಯ ಮುಂದಿಟ್ಟನು. ಅವರು ಈ ಸಲ ಕೈ ಚಾಚುವ ಮೊದಲೇ, "ಒಳಗೆ ಏನೇನಿದೆ ಮಗ?" ಎಂದು ಕೇಳಿದರು. "ಕಾಫಿ, ಕೆನೆ, ಬೆಣ್ಣೆ, ಚಾಕಲೇಟು. ಬೇರೆ ಏನೂ ಇಲ್ಲ ಅಜ್ಜಿ" ಎಂದನು. ಅತ್ತೆಯವರು ಒಂದನ್ನು ಅರ್ಪಿಸಿ ಬಾಯಿಗಿಟ್ಟುಕೊಂಡರು. ಸ್ವಲ್ಪ ಹೊತ್ತಿನ ಮೇಲೆ, "ಕಾಫಿ ಇನ್ನೊಂದು ಚೂರು ಮುಂದಾಗಬಹುದಿತ್ತು" ಎಂದು ನಕ್ಕರು. ಅವರ ರುಚಿಗೆ ಹೊಂದುವವರು 6 ಗ್ರಾಮಿನ ಬದಲು 8 ಗ್ರಾಂ ಪುಡಿ ಹಾಕಿಕೊಳ್ಳಿ. ಪುಡಿ ಹೆಚ್ಚಾದಷ್ಟು ಕೆನೆಯನ್ನೂ ಒಂದೆರಡು ಚಮಚ ಹೆಚ್ಚಿಸಿಕೊಳ್ಳಿ.

ಸಹೋದರಿಯರು ಮಾಡಿ ನೋಡಿ, ಮಕ್ಕಳನ್ನೂ ಜೊತೆಗೆ ಕೂರಿಸಿಕೊಳ್ಳಿ. ಮುಂದಿನ ತಿಂಗಳು ಮತ್ತೆ ಭೇಟಿಯಾಗೋಣ. ಶರಣು.